ಒಳಹೊಲಿಗೆ

ಅಂಗಡಿಯ ಪುಸ್ತಕದಲ್ಲಿ ನಾನು ಯಾರ ಹೆಸರೂ ಬರೆಯುವುದಿಲ್ಲ.
ತಲೆಯ ಸುತ್ತಳತೆ, ಮೂಗಿನ ಉದ್ದ, ಕಿವಿಯ ಊತ,
ಮುಂಗಡ ಎಷ್ಟು, ಬಾಕಿ ಎಷ್ಟು.
ನೀಲಿ ಗೂಬೆ: ಅರವತ್ತೊಂದು.
ಇಪ್ಪತ್ತೆರಡು ವರ್ಷ ಅದೇ ಅರವತ್ತೊಂದು,
ಎಡಗಿವಿಗೆ ಮಾತ್ರ ವರ್ಷಕ್ಕೊಂದು ಎಳೆ
ಸಡಿಲ ಬಿಡುತ್ತಾ ಬಂದಿದ್ದೇನೆ.

ಬುಧವಾರ ಕಂಪನಿಯ ವಕೀಲ ಬಂದ.
ಪ್ವೆಬ್ಲಾದ ಮೇಲೆ ಆ ವಾರವೆಲ್ಲ ಬೂದಿ ಉದುರುತ್ತಿತ್ತು,
ಬೆಟ್ಟ ಕೆಮ್ಮಿದಾಗೆಲ್ಲ ಹಾಗೆ.
ಬೂಟು ಕೊಡವಿದ. ನಿಂಬೆನೀರು ಕೊಟ್ಟೆ, ಕುಡಿಯಲಿಲ್ಲ.
ಅದೇ ನೀಲಿ, ಅದೇ ಬೆಳ್ಳಿ ರೆಪ್ಪೆ, ಹಣೆಯ ಮೇಲೆ ಅದೇ ಎರಡು ಗರಿ,
ನಾಲ್ಕು ಮುಖವಾಡ, ಸೋಮವಾರದೊಳಗೆ.
ಅಳತೆಯ ಚೀಟಿ ಮೇಜಿನ ಮೇಲಿಟ್ಟ:
ಐವತ್ತೆಂಟು.

ಮೂವತ್ತೇಳು ವರ್ಷ ಸೂಜಿ ಹಿಡಿದವಳು ನಾನು.
ಹೊಟ್ಟೆ ಕರಗಿದ್ದು ನೋಡಿದ್ದೇನೆ, ಹೆಗಲು ಜಾರಿದ್ದು ನೋಡಿದ್ದೇನೆ,
ಬುರುಡೆ ಮೂರು ಸೆಂಟಿಮೀಟರ್ ಕುಗ್ಗಿದ್ದು
ಎಂದೂ ನೋಡಿಲ್ಲ.
ಕೇಳಬಹುದಿತ್ತು. ಮುಂಗಡ ಎಣಿಸಿಕೊಂಡೆ.
ಮೆಷಿನ್ನಿನ ಮೋಟಾರು ಕೆಟ್ಟು ಎರಡು ತಿಂಗಳಾಗಿತ್ತು.

ಶನಿವಾರ ಕತ್ತಲಾಗುವಾಗ ಅವನೇ ಬಂದ,
ಮುಖವಾಡ ಹಾಕಿಕೊಂಡೇ. ಯಾವಾಗಲೂ ಹಾಗೆ,
ನಮ್ಮ ಬೀದಿಯಲ್ಲಿ ಬಸ್ಸು ಇಳಿಯುವ ಮೊದಲೇ ಹಾಕಿಕೊಳ್ಳುವವನು.
ಮೂಲೆಯಲ್ಲಿ ನಾಲ್ಕೂ ನೇತಾಡುತ್ತಿದ್ದವು.
ಪರದೆ ಎಳೆದೆ. ಉಂಗುರಗಳು ಕಿರ್ರೆಂದವು.

"ಎಳೆಯಬೇಡಿ ದೋನ್ಯಾ ಎವೆಲಿಯಾ. ನನಗೆ ಗೊತ್ತು.
ಹುಡುಗನನ್ನು ತೋರಿಸಿಕೊಟ್ಟವನು ನಾನೇ.
ಚೆನ್ನಾಗಿ ಹಾರುತ್ತಾನೆ. ಬೀಳುವುದೂ ಬರುತ್ತದೆ."

ಕಾಗದದಲ್ಲಿ ಇತ್ತಂತೆ: ಹೆಸರು ಕಂಪನಿಯದು,
ಬಣ್ಣ ಕಂಪನಿಯದು, ಗೂಬೆಯ ಕೂಗೂ ಕಂಪನಿಯದು.
ಮೊಣಕಾಲು ಅವನದು.
ಸಹಿ ಹಾಕಿದ್ದು ಹನ್ನೆರಡು ವರ್ಷದ ಹಿಂದೆ,
ಮೇಷ್ಟ್ರು ರೆಫುಹಿಯೊ ಸೊಂಟ ಮುರಿದು ಆಸ್ಪತ್ರೆಯಲ್ಲಿ ಮಲಗಿ
ದಿನಕ್ಕಿಷ್ಟೆಂದು ಬಿಲ್ಲು ಏರುತ್ತಿದ್ದಾಗ.
ಮೇಷ್ಟ್ರು ಕೊಟ್ಟ ಮುಖ ಮಾರಿ
ಮೇಷ್ಟ್ರಿಗೆ ಉಕ್ಕಿನ ಸೊಂಟ ಹಾಕಿಸಿದ.
ಅದರ ಮೇಲೆ ಅವರು ಒಂಬತ್ತು ವರ್ಷ ನಡೆದರು,
ಅವನ ಮನೆಯ ಕಡೆಗೆ ಒಂದು ದಿನವೂ ನಡೆಯಲಿಲ್ಲ.

ಈಗ ಯಾರ ತಲೆಯ ಮೇಲೆ ಗೂಬೆ ಕೂರಿಸುವುದು?

ಅವನು ಕೇಳಿದ್ದು ಇಷ್ಟೇ. ಒಳಗಡೆ, ಹಣೆಯ ಹತ್ತಿರ,
ಮೇಷ್ಟ್ರ ಹಳೆಯ ಮುಖವಾಡದ ತುಂಡು ಇದೆಯಲ್ಲ,
ಅದನ್ನು ಬಿಚ್ಚಿಕೊಡಿ.
ಉಳಿದದ್ದನ್ನು ಒಪ್ಪಿಸಬೇಕು, ಎಣಿಸಿ ತೆಗೆದುಕೊಳ್ಳುತ್ತಾರೆ.

ಹೊಸದು ಹೊಲಿದಾಗೆಲ್ಲ ಹಳೆಯದರಿಂದ ದಾಟಿಸುತ್ತಿದ್ದೆ,
ಅಂಗೈಗಿಂತ ಚಿಕ್ಕದು, ಒಂದು ಕಾಲಕ್ಕೆ ನೀಲಿ,
ಇಬ್ಬರ ಬೆವರು ಕುಡಿದು ಈಗ ಗೋಣಿಯ ಬಣ್ಣ.

ಕೊಡು ಎಂದೆ. ಹಿಂದಲೆಯ ದಾರ ತಾನೇ ಸಡಿಲಿಸಿದ.
ನನ್ನ ಅಳತೆಯ ಒಳಗಿದ್ದವನನ್ನು
ಆವತ್ತೇ ಮೊದಲು ನೋಡಿದ್ದು.
ಏನು ಹೇಳಲಿ, ಸಾಧಾರಣ ಮುಖ.
ಗಲ್ಲದಲ್ಲಿ ಕ್ಷೌರದ ಗಾಯ.
ಹಣೆಯಲ್ಲಿ ಮಾತ್ರ ನನ್ನ ಹೊಲಿಗೆಯ ಅಚ್ಚು,
ಎಣಿಸಬಹುದಿತ್ತು.

ಬ್ಲೇಡಿನ ತುದಿಯಲ್ಲಿ ಒಂದೊಂದೇ ಎಳೆ ಬಿಡಿಸಿದೆ.
ಆಗ ಬಾಯಿಬಿಟ್ಟೆ:
ಬುಧವಾರವೇ ನನಗೆ ತಿಳಿದಿತ್ತು.
"ಮೋಟಾರು ಸರಿಯಾಯಿತೇ?" ಎಂದು ಕೇಳಿದ.

ತುಂಡನ್ನು ಬಸ್ಸಿನ ಚೀಟಿಯ ಜೊತೆ ಮಡಚಿಕೊಂಡು
ಬೀದಿಗೆ ಇಳಿದ. ಎದುರು ಗೋಡೆಯಲ್ಲಿ ಅವನದೇ ಪೋಸ್ಟರು.
ಲಾಟರಿ ಮಾರುವ ಹುಡುಗಿ ಅವನನ್ನು ಹೋಗಗೊಟ್ಟು
ಹಿಂದೆ ಬರುತ್ತಿದ್ದವನನ್ನು ಕೂಗಿದಳು.

ಸೋಮವಾರ ಹೋಗಿದ್ದೆ. ಮೂರನೆಯ ಸಾಲು, ಕಂಪನಿಯ ಟಿಕೆಟ್ಟು.
ಐವತ್ತೆಂಟು ಹಗ್ಗದ ಮೇಲೆ ನಿಂತು ಗೂಬೆಯಂತೆ ಕೂಗಿತು,
ಜನ ಎದ್ದು ಅದೇ ಹೆಸರು ಕೂಗಿದರು. ನಾನೂ ಕೂಗಿದೆ.
ದೀಪದ ಕೆಳಗೆ ಬಂದಾಗ ಕಂಡಿತು,
ಹಣೆಯಲ್ಲಿ ಬಟ್ಟೆ ತುಸು ಸುಕ್ಕು.
ಅಭ್ಯಾಸಬಲ. ಆ ತುಂಡಿಗೆ ಜಾಗ ಬಿಟ್ಟೇ
ನಾಲ್ಕನ್ನೂ ಕತ್ತರಿಸಿದ್ದೆ.

ಬಿಗಿ ಮಾಡಿಕೊಡಿ ಎಂದು
ಇನ್ನೂ ಯಾರೂ ಬಂದಿಲ್ಲ.