ಹನ್ನೊಂದನೇ ಸಂಚಿಕೆಗೆ ತಿದ್ದುಪಡಿ

ಮೊದಲು ನನ್ನ ಮೂಗು.
ಇಷ್ಟುದ್ದ ಇಲ್ಲ ಅದು. ಬರೆದವನಿಗೆ ಬುದ್ಧಿ ಕಡಿಮೆಯೋ
ಮಸಿ ಅಗ್ಗವೋ ತಿಳಿಯದು, ಪ್ರತಿ ಸಂಚಿಕೆಗೂ
ಒಂದೊಂದು ಗೆಣ್ಣು ಬೆಳೆಯುತ್ತ
ಈ ಸಲ ಚೌಕದ ಗೆರೆ ದಾಟಿ
ಪಕ್ಕದ ಚಿತ್ರದೊಳಗೇ ಇಣುಕಿದೆ.

ನಾನು ಕಪಿತೊಲೀನಾ ಗ್ಲೇಬೊವ್ನಾ.
ಮೂರ್ಮನ್ಸ್ಕಿನ ಬೆಳಕು ತೆರಿಗೆ ಇಲಾಖೆಯಲ್ಲಿ
ಇಪ್ಪತ್ತಾರು ವರ್ಷ. ಬೀದಿಯ ಮಕ್ಕಳು ನನ್ನ ಕಂಡರೆ
ಮೂಗಿಗೆ ಕ್ಯಾರೆಟ್ಟು ಹಿಡಿದು ಓಡುತ್ತವೆ.
ಓಡಲಿ.

ಎರಡನೆಯದು, ಅವನು.
ತಿಖೋನ್ ಎಂದರೆ ನಮ್ಮ ಭಾಷೆಯ ಕಿವಿಗೆ ಸದ್ದಿಲ್ಲದವನು;
ಆಸಾಮಿಯೋ ವಟವಟ, ಬೀಗ ಬಿಚ್ಚುವಾಗಲೂ
ಬೀಗದ ಯೋಗಕ್ಷೇಮ ವಿಚಾರಿಸುವವನು.
ಪುಸ್ತಕದಲ್ಲಿ ಆರಡಿ ಎತ್ತರ, ಕೆಂಪು ಕೋಟು, ಒಂದು ಕಣ್ಣು ಉಕ್ಕಿನದು.
ಸುಳ್ಳು. ನನ್ನ ಭುಜಕ್ಕೆ ಬರುತ್ತಾನೆ.
ಕೋಟು ಸತ್ತ ಸೋದರಮಾವನದು. ಕಣ್ಣೆರಡೂ ಸ್ವಂತದವು,
ಎರಡೂ ಕಳ್ಳವು.
ಗೋಪುರದಿಂದ ಹಾರಿದನಂತೆ, ಮೂರು ಪುಟ ಬರೀ ಹಾರಾಟ.
ಲಿಫ್ಟಿನಲ್ಲಿ ಇಳಿದ. ಅದೇ ಲಿಫ್ಟಿನಲ್ಲಿ ನಾನಿದ್ದೆ.
‘ಎಷ್ಟನೇ ಮಹಡಿ ಅಕ್ಕಾ?’ ಅಂದ. ಹೇಳಿದೆ.
ಹೊರಗೆ ಬಂದು ನೋಡುತ್ತೇನೆ, ಎಡಗೈಯ ಗ್ಲೌಸಿಲ್ಲ.
ಬೆರಳು ಎಣಿಸಿಕೊಂಡೆ. ಐದೂ ಬಿಟ್ಟು ಹೋಗಿದ್ದ.

ಹೊಸಬರಿಗಾಗಿ ಒಂದು ಮಾತು:
ಇಲ್ಲಿ ನಲವತ್ತು ದಿನ ಸೂರ್ಯ ಹುಟ್ಟುವುದಿಲ್ಲ.
ಹಿಂದೆ ಕತ್ತಲೆ ಎಲ್ಲರಿಗೂ ಪುಕ್ಕಟೆ.
ಈಗ ಮೇಲೆ ಕಂಪನಿಯ ಕನ್ನಡಿ ತೇಲುತ್ತದೆ,
ಅದರ ಬಿಸಿಲು ಬಂದರಿಗೆ ಬಾಡಿಗೆಗೆ ಬೀಳುತ್ತದೆ,
ಗುಡ್ಡದ ಮೇಲಿನವರ ಬಾಲ್ಕನಿಗೆ ಬೀಳುತ್ತದೆ,
ಕಬ್ಬಿಣ ಬೀದಿಯ ಐದಂತಸ್ತುಗಳ ಹತ್ತಿರ ಬಂದು
ಕತ್ತರಿಸಿದ ಹಾಗೆ ನಿಲ್ಲುತ್ತದೆ.
ಕತ್ತರಿ ನನ್ನ ಕೈಯಲ್ಲಿತ್ತು.

ಜನವರಿ ಎರಡು. ಊರೆಲ್ಲ ಹೊಸವರ್ಷದ ತಲೆನೋವಿನಲ್ಲಿ
ಉಳಿದ ಹೆರಿಂಗ್ ಮೀನು ಕೆರೆದು ತಿನ್ನುವ ಹೊತ್ತು.
ಅವನು ಕನ್ನಡಿ ಕದಿಯಲಿಲ್ಲ, ವಾಲಿಸಿದ. ಮೂರು ಡಿಗ್ರಿ.
ಕಬ್ಬಿಣ ಬೀದಿಗೆ ಬಿಸಿಲು ಬಿತ್ತು.
ಹಿಮ ಹಳದಿಯಾಯಿತು. ಗಂಡಸರು ಬನಿಯನ್ನಲ್ಲೇ ಬಾಗಿಲಿಗೆ ಬಂದು ನಿಂತರು.
ಲುಕೇರ್ಯಾ ಅಜ್ಜಿ ಹಾಸಿಗೆ ಒಣಗಿಸಲೆಂದು
ಒಬ್ಬಳೇ ಹೊತ್ತು ಮೂರು ಮಹಡಿ ಇಳಿದಳು.
ತನ್ನ ನೆರಳನ್ನು ಮೊದಲ ಸಲ ಕಂಡ ಮರಿನಾಯಿ
ಅದು ಸುಮ್ಮನಾಗುವವರೆಗೂ ಬೊಗಳಿತು.
ಇಪ್ಪತ್ತು ನಿಮಿಷ.

ಸಂಚಿಕೆಯ ಪ್ರಕಾರ ಖಳನಾಯಕಿ ಗುಂಡಿ ಒತ್ತಿದಳು,
ಚತುರ ಕಳ್ಳ ತಂತಿಯನ್ನು ಮೊದಲೇ ಕತ್ತರಿಸಿದ್ದ, ಹ ಹ ಹ.
ತಂತಿ ಸರಿಯಾಗಿಯೇ ಇತ್ತು.
ಹೆಬ್ಬೆರಳು ಗುಂಡಿಯ ಮೇಲೆಯೇ ಇತ್ತು.
ಪರದೆಯಲ್ಲಿ ಬೀದಿ, ಬೀದಿಯಲ್ಲಿ ನಾಲ್ಕನೇ ಮಹಡಿ,
ಅಲ್ಲಿ ನನ್ನ ಅಡುಗೆಮನೆಯ ಕಿಟಕಿ
(ಇಲಾಖೆಯ ಸಂಬಳಕ್ಕೆ ಸಿಗುವುದೂ ಅದೇ ಬೀದಿ).
ಕತ್ತರಿಸಿದ ಹಾಲಿನ ಪೊಟ್ಟಣದಲ್ಲಿ
ಕಾಲಕ್ಕೆ ಮೊದಲೇ, ಪೆದ್ದಳ ಹಾಗೆ, ನಾನು ಬಿತ್ತಿದ್ದ ಟೊಮೆಟೊ.
ನೂಲಿನಂತೆ ಬಿಳಿಚಿ ಗಾಜಿಗೆ ಒರಗಿದ್ದು
ನೋಡನೋಡುತ್ತ
ಏನೂ ಆಗಲಿಲ್ಲ ಅದಕ್ಕೆ. ಇಪ್ಪತ್ತು ನಿಮಿಷದಲ್ಲಿ ಏನಾಗುತ್ತದೆ?
ವರದಿಯಲ್ಲಿ ‘ತಿರುಗಣೆ ಸಿಕ್ಕಿಕೊಂಡಿತ್ತು’ ಎಂದು ಬರೆದೆ.

ಇದನ್ನು ಯಾರಿಗೂ ಹೇಳಿರಲಿಲ್ಲ.
ಆದರೆ ಇಪ್ಪತ್ತಮೂರನೇ ಪುಟದ ಕೆಳಗೆ, ಮೂಲೆಯಲ್ಲಿ,
ಅಂಚೆಚೀಟಿಯಷ್ಟು ಚಿತ್ರ: ಕಿಟಕಿ, ಪೊಟ್ಟಣ,
ಪೊಟ್ಟಣದ ಮೇಲೆ ಅದೇ ನೀಲಿ ಹಸು,
ಎರಡು ಎಲೆ. ಮಾತಿಲ್ಲ. ಮೂಗಿಲ್ಲ.
ಕುಂಬಳಕಾಯಿ ಕಳ್ಳಿ ಎಂದು ಯಾರೂ ಕೂಗಿರಲಿಲ್ಲ,
ಟ್ರಾಲಿಬಸ್ಸಿನಲ್ಲಿ ನಿಂತಲ್ಲೇ ಹೆಗಲು ಮುಟ್ಟಿಕೊಂಡೆ.

ಮನೆಗೆ ಹೋಗಿ ಎಲ್ಲ ಎಣಿಸಿದೆ. ಚಮಚ,
ಅಮ್ಮನ ಓಲೆ, ಪಿಂಚಣಿ ಪುಸ್ತಕ. ಎಲ್ಲ ಇದ್ದವು.
ಗಿಡದ ಬುಡದ ಮಣ್ಣು ಮಾತ್ರ ಒದ್ದೆ.
ನಾನು ನೀರು ಹಾಕುವುದು ಶನಿವಾರ.
ಅಂದು ಬುಧವಾರ.

ತಿದ್ದುಪಡಿ ಎಲ್ಲಿಗೆ ಕಳಿಸಬೇಕೋ, ವಿಳಾಸ ಅಚ್ಚಾಗಿಲ್ಲ.
ಎದುರಾದರೆ ಹೇಳಿ ಅವನಿಗೆ,
ನೀರು ಹೆಚ್ಚಾದರೆ ಟೊಮೆಟೊ ಬೇರು ಕೊಳೆಯುತ್ತದೆ.
ಆಮೇಲೆ ಗ್ಲೌಸು. ಉಣ್ಣೆಯದು, ಬೂದು ಬಣ್ಣ, ಎಡಗೈ.
ಇನ್ನೊಂದನ್ನು ನಾನು ಎಸೆದಿಲ್ಲ.