ಹೊರಗ ಹೆಂಗೈತ್ರಿ

ಬೆಳಗಿನ ಆರರಿಂದ ಎರಡರ ತನಕ
ಶಕ್ತಿನಗರದಲ್ಲಿ ಟರ್ಬೈನು ಮಾತಾಡುತ್ತದೆ,
ನಾವು ಕಿವಿಗೆ ಬಿರಡೆ ಜಡಿದುಕೊಂಡು ಕೇಳುತ್ತೇವೆ.
ಹೆಬ್ಬೆರಳೆತ್ತಿದರೆ ಸರಿ,
ಅಂಗೈ ಅಡ್ಡ ಬೀಸಿದರೆ ನಿಲ್ಲಿಸು,
ಎದೆಗೆ ಬೆರಳಿಟ್ಟರೆ ನಾನೇ ಹೋಗಿ ನೋಡುತ್ತೇನೆ ಎಂದು.
ಎಂಟು ತಾಸಿಗೆ ಇಷ್ಟೇ ವ್ಯಾಕರಣ.

ಹಾಗಾಗಿ ರಾಯಚೂರಿನಲ್ಲಿ ಬಸ್ಸಿಳಿದು
ತೀನ್ ಕಂದೀಲಿನ ಹತ್ತಿರದ ಹೊಸ ಬಜಾರಿನ
ಗಾಜಿನ ಬಾಗಿಲು ನೂಕುವಾಗ
ದಿನದ ಮೊದಲ ಮಾತು ಇನ್ನೂ ಗಂಟಲಲ್ಲೇ ಇರುತ್ತದೆ,
ಸೀಲು ಒಡೆಯದ ಬಾಟಲಿಯ ಹಾಗೆ.

ಮೂರನೆಯ ಕೌಂಟರು. ಎದೆಯ ಮೇಲೆ 'ಸುನಂದಾ'.
ತೊಗರಿಬೇಳೆ, ಕೀಂಕ್. ಸಾಬೂನು, ಕೀಂಕ್.
"ಏನ್ ಬಿಸಿಲವ್ವಾ ಇದು!"
"ಹೌದ್ರಿ. ಕವರ್ ಬೇಕೇನ್ರಿ?"
"ಬ್ಯಾಡ, ಚೀಲ ತಂದೀನಿ."
ಶಿವರಾತ್ರಿಯಿಂದ ಬಸವ ಜಯಂತಿ ತನಕ
ಇಷ್ಟೇ ನಡೆಯಿತು, ಒಂದಕ್ಷರ ಹೆಚ್ಚಿಲ್ಲ.

ಹಿಂದೆ ಗಂಜಿನ ಪಂಪಣ್ಣನ ಅಂಗಡಿಯಲ್ಲಿ
ಎರಡು ರೂಪಾಯಿ ಚಿಲ್ಲರೆ ಇಲ್ಲದಿದ್ದರೆ
ಒಂದು ಪೆಪ್ಪರಮೆಂಟು, ಮೇಲೆ ನಾಲ್ಕು ಮಾತು,
ಅವನ ಮೊಣಕಾಲು ನೋವಿನ ವರದಿ.
ಈಗ ಫೋನು ತೋರಿಸಿದರೆ ಸಾಕು, ಡಬ್ಬಿ ಕೂಗುತ್ತದೆ:
ಮುನ್ನೂರ ಹದಿನಾರು ರೂಪಾಯಿ ಸ್ವೀಕರಿಸಲಾಗಿದೆ.
ಕೊನೆಯ ಮಾತು ಯಾವತ್ತೂ ಅದರದ್ದೇ.

ಒಂದು ದಿನ ನನ್ನ ಹಿಂದೆ ಯಾರೂ ಇರಲಿಲ್ಲ.
ಎಂದಿನಂತೆ ಬಿಸಿಲನ್ನು ತೆಗೆದು
ಬೇಳೆಯ ಪಕ್ಕ ಇಟ್ಟೆ.
ಅವಳು ಸ್ಕ್ಯಾನ್ ಮಾಡಲಿಲ್ಲ.

"ನನಗೇನ್ ಗೊತ್ರಿ ಬಿಸಿಲು?
ಒಂಬತ್ತಕ್ಕ ಒಳಗ ಬಂದ್ರ ರಾತ್ರಿ ಒಂಬತ್ತಕ್ಕ ಹೊರಗ.
ಕಿಟಕಿಗೆಲ್ಲಾ ಆಫರಿನ ಪೋಸ್ಟರ್ ಹಚ್ಯಾರ.
ಏಸಿಗೆ ಬೆರಳು ಸೆಟದಿರ್ತಾವ,
ಬಂದಾವ್ರೆಲ್ಲಾ ಬಿಸಿಲು ಬಿಸಿಲು ಅಂತಾರ,
ಹೌದ್ರಿ ಅಂತೀನಿ.
ಖರೇನ ಹೇಳ್ರಿ, ಹೊರಗ ಹೆಂಗೈತ್ರಿ?"

ಇಷ್ಟು ವರ್ಷ ಬಿಸಿಲು ಬಿಸಿಲು ಎಂದು ಒದರಿದವನಿಗೆ
ಅದು ಹೇಗಿದೆ ಎಂದು ಯಾರೂ ಕೇಳಿರಲಿಲ್ಲ.
ತಡವರಿಸಿದೆ.

"ಕೋಟೆ ಗೋಡಿ ಮುಟ್ಟಿದ್ರ ರೊಟ್ಟಿ ಹಂಚು.
ಬಸ್ಸಿನಾಗ ಕಂಬಿ ಯಾರೂ ಹಿಡಿಯಂಗಿಲ್ಲ,
ಒಬ್ಬರಿಗೊಬ್ಬರು ಜೋತು ಬಿದ್ದು ಬರ್ತಾರ.
ಆಮ್ ತಲಾಬ್ ಕಡೆ ಒಂದು ಕರೇ ನಾಯಿ
ಕಬ್ಬಿನಹಾಲಿನ ಗಾಡಿ ನೆರಳಿನಾಗ ಮಕ್ಕಂಡಿತ್ತು.
ಅಂವ ಗಾಡಿ ದಬ್ಬಿದ,
ಅದೂ ಎದ್ದು ನೆರಳಿನ ಕೂಡ ಹೊಂಟಿತು,
ಅಂವನ ನಾಯಿನ ಅನ್ನೋವಂಗ."

ನಕ್ಕಳು. ಆಮೇಲೆ ಸಿಸಿಟಿವಿ ಕಡೆ ಒಮ್ಮೆ ನೋಡಿ,
"ನಾ ಸುನಂದಾ ಅಲ್ರಿ.
ಆಕಿ ಕೆಲಸ ಬಿಟ್ಟು ಹೋಗ್ಯಾಳ, ಬ್ಯಾಡ್ಜ್ ಉಳದೈತಿ.
ನಂದು ಹೈದರಾಬಾದಿಂದ ಬರಬೇಕಂತ.
ನಾ ಹಂಪಮ್ಮ, ಮಸ್ಕಿ ಕಡೆಯಾಕಿ."

ಅಷ್ಟರಲ್ಲಿ ಯಾರದೋ ಟ್ರಾಲಿ ನನ್ನ ಹಿಮ್ಮಡಿಗೆ ತಾಗಿತು.
"ಕವರ್ ಬೇಕೇನ್ರಿ?" ಎಂದಳು ಸುನಂದಾ.

ಆವತ್ತಿನಿಂದ ಬಸ್ಸಿನಲ್ಲಿ ನಿದ್ದೆ ಬಿಟ್ಟಿದ್ದೇನೆ.
ಕಿಟಕಿ ಬದಿ ಸೀಟು. ಚಿಕ್ಕಸೂಗೂರು ದಾಟುವಾಗ
ಏನಾದರೊಂದು ಹೆಕ್ಕಿಕೊಳ್ಳುತ್ತೇನೆ:
ಲಾರಿ ಮೇಲೆ ಹೊರಟ ಮದುವೆ ಮಂಚ,
ಅದರ ಮೇಲೆ ಕೊಡೆ ಹಿಡಿದು ಕೂತ ಹುಡುಗ.
ಬೂದಿ ಹೊಂಡದಲ್ಲಿ ತಪ್ಪಿ ಇಳಿದ ಬೆಳ್ಳಕ್ಕಿ,
ಕಾಲು ನೋಡಿಕೊಂಡು ನಾಚಿದ್ದು.
ಮೂರನೆಯ ಕೌಂಟರಿನ ಸಾಲು ಉದ್ದವಿದ್ದರೂ
ಅಲ್ಲೇ ನಿಲ್ಲುತ್ತೇನೆ.
ಒಂದನೆಯದು ಖಾಲಿ ಇದೆ ಎಂದು
ಸೆಕ್ಯುರಿಟಿಯ ಮೌಲಾಸಾಬ್ ದಿನಾ ತೋರಿಸುತ್ತಾನೆ.
ಕೇಳಿಸದವನಂತೆ ನಟಿಸುವುದು
ಟರ್ಬೈನಿನವರಿಗೆ ಕಷ್ಟವಲ್ಲ.

ಕಾರಹುಣ್ಣಿಮೆಯ ಮರುದಿನ ಮಳೆ ಬಂತು.
ಹೇಳಲು ಬಹಳ ಇತ್ತು, ಹಿಂದೆ ಆರು ಜನ.
ಒದ್ದೆ ಚೀಲವನ್ನು ಅವಳ ಮುಂದಿಟ್ಟೆ.
ಹಂಪಮ್ಮ ಅದರ ಮೇಲೆ ಅಂಗೈ ಊರಿದಳು,
ತೆಗೆಯಲಿಲ್ಲ,
ಆರು ಜನವೂ ಕಾಯುತ್ತಿದ್ದರು.

ಆಮೇಲೆ ಕೈ ಒರೆಸಿಕೊಂಡು
"ಉಳ್ಳಾಗಡ್ಡಿ ತೂಕ ಮಾಡಿಸಿಲ್ಲ ನೀವು,
ಹೋಗಿ ಬರ್ರಿ" ಎಂದಳು.

ಹೋಗಿ ಬಂದೆ.