ಹಿಂದಿನ ಪರದೆ

ಲಿಂಗಸುಗೂರಿನ ನಮ್ಮ ಸ್ಟುಡಿಯೋದಲ್ಲಿ
ಮೂವತ್ತು ವರ್ಷದಿಂದ ಒಂದು ಜಲಪಾತ ಬೀಳುತ್ತಿತ್ತು,
ಬಟ್ಟೆಯ ಮೇಲೆ.
ಖಾಜಾಹುಸೇನ ಉಸ್ತಾದರು ಸೊಲ್ಲಾಪುರದಿಂದ
ಸುರುಳಿ ಸುತ್ತಿ ಬಸ್ಸಿನ ಟಾಪಿನ ಮೇಲೆ ತಂದದ್ದು.
ಅದರಲ್ಲಿ ನಮ್ಮ ಸೀಮೆ ಕಾಣದ ಚೂಪು ಮರಗಳು,
ಮಂಜಿನ ಗುಡ್ಡ, ಎರಡು ಬಾತುಕೋಳಿ.
ಅದರ ಮುಂದೆ ನಿಂತೇ
ಊರಿನ ಅರ್ಧ ಜನ ಗಂಡಹೆಂಡಿರಾದರು,
ನೀರಿಗೆ ಬೆನ್ನು ಮಾಡಿ, ಉಸಿರು ಬಿಗಿಹಿಡಿದು.

ಇಲಿ ಬಾತುಕೋಳಿಯನ್ನು ತಿಂದ ವರ್ಷ
ನಾನೆಂದೆ: ನಮ್ಮದೇ ಇದೆಯಲ್ಲ, ಗುಂಡಲಬಂಡೆ,
ತೆಗೆದು ತರುತ್ತೇನೆ.
ಉಸ್ತಾದರು ಕನ್ನಡಕ ಒರೆಸುತ್ತಾ ಅಂದರು:
"ಹೋಗು, ತಗೊಂಡು ಬಾ. ನೀರಿಗೆ ಮಾತ್ರ
ಅಲ್ಲಾಡಬ್ಯಾಡ ಅನ್ನಾಕ ಬರಂಗಿಲ್ಲ, ನೆನಪಿಟ್ಕೋ."

ಹುಬ್ಬೆ ಮಳೆಯಲ್ಲಿ ಹೋದೆ.
ಒಂದು ಫರ್ಲಾಂಗು ದೂರದಿಂದಲೇ ಎದೆಗೆ ಬಡಿಯುವ ಸದ್ದು.
ಕೆಂಪು ನೀರು, ಮೇಲಿನ ಹೊಲಗಳನ್ನೆಲ್ಲ ಹೊತ್ತು
ಹಗ್ಗ ಹರಿದುಕೊಂಡ ಹೋರಿಗಳ ಹಾಗೆ ಇಳಿಯುತ್ತಿತ್ತು.
ಲೆನ್ಸು ಒರೆಸಿದೆ, ಹನಿ. ಮತ್ತೆ ಒರೆಸಿದೆ, ಮತ್ತೆ ಹನಿ.
ಟವೆಲ್ಲು ಮುಗಿಯಿತು, ಅಂಗಿ ಮುಗಿಯಿತು,
ಬನಿಯನ್ನಿನ ಒಂದು ಒಣ ಮೂಲೆ ಉಳಿದಿತ್ತು.
ಸೆಕೆಂಡಿನ ಸಾವಿರದ ಒಂದು ಪಾಲಿಗೆ ಶಟರು ಬಡಿದೆ.
ಮನೆಗೆ ಬಂದು ನೋಡಿದರೆ ಗಾಜಿನ ಚೂರುಗಳು.
ಪ್ರತಿ ಹನಿಯೂ ಗಾಳಿಯಲ್ಲಿ ನಿಂತಿದೆ,
ಎಲ್ಲಿಗೂ ಹೋಗುತ್ತಿಲ್ಲ,
ಫೋಟೋ ಅಂದೊಡನೆ ತುತ್ತು ಕೈಯಲ್ಲೇ ಹಿಡಿದು ಕೂತ
ಮದುವೆ ಪಂಕ್ತಿಯ ಹಾಗೆ.

ಹಸ್ತ ಕಳೆದ ಮೇಲೆ ಮತ್ತೊಮ್ಮೆ.
ನೀರು ತಿಳಿಯಾಗಿ, ಮೂರು ಕವಲಾಗಿತ್ತು.
ಎರಡು ಸೆಕೆಂಡು ಶಟರು ತೆರೆದಿಟ್ಟೆ.
ಬಂದದ್ದು ಹಾಲೋ, ಬಿಳಿ ಉಣ್ಣೆಯೋ,
ಬಾಣಂತಿ ಕೋಣೆಯ ಲೋಬಾನದ ಹೊಗೆಯೋ.
ನುಣ್ಣಗೆ, ಬಲು ನುಣ್ಣಗೆ.
ಉಸ್ತಾದರು ಕತ್ತು ಓರೆ ಮಾಡಿ ನೋಡಿದರು.
"ಚಂದ ಅದ. ಆದ್ರ ಈ ನೀರಿಗೆ ಕಲ್ಲು ತಾಗೇ ಇಲ್ಲ."

ಹಿಂಗಾರಿ ಜೋಳ ಹಾಲುತೆನೆಗೆ ಬಂದಾಗ
ಒಂದೇ ಎಳೆ.
ಗಾಳಿ ಬೀಸಿದರೆ ಅದೂ ಬಂಡೆ ಬಿಟ್ಟು ಓಲಾಡುವುದು.
ನೀರಿಗಿಂತ ಶಟರಿನ ಸದ್ದೇ ದೊಡ್ಡದಾಗಿ ಕೇಳಿ
ನಾಚಿಕೆಯಾಯಿತು.
ಕ್ಯಾಮೆರಾ ಚೀಲಕ್ಕಿಟ್ಟು, ರೊಟ್ಟಿ ತಿಂದು ಬಂದೆ.

ಉಗಾದಿ ದಾಟಿದ ಮೇಲೆ ಯಾಕೆ ಹೋದೆನೋ ಗೊತ್ತಿಲ್ಲ.
ಮೇಲಿನ ಅಂಚಿನಿಂದ ಬುಡದ ತನಕ
ಕೆಂಪು ಬಂಡೆಯ ಮೇಲೊಂದು ಕರಿ ಪಟ್ಟೆ.
ಒಣಗಿದ ಪಾಚಿ, ಉಗುರು ತಾಗಿದರೆ ಹಪ್ಪಳವಾಗಿ ಏಳುತ್ತಿತ್ತು.
ಗುಂಡಿಯಲ್ಲಿ ಬೊಗಸೆ ನೀರು, ಅದರ ಸುತ್ತ ಹೆಜ್ಜೇನು.
ಯಾವ ವೇಗಕ್ಕಿಟ್ಟರೂ ಅದೇ ಬಂಡೆ.
ಒಂದೇ ತೆಗೆದೆ.

ಅದನ್ನೇ ಫ್ಲೆಕ್ಸು ಮಾಡಿಸಿದೆ, ಹತ್ತಡಿಗೆ ಎಂಟಡಿ.
ಮುದಗಲ್ಲಿನ ಬೀಗರೊಬ್ಬರು
"ಕಲ್ಲಿನ ಮುಂದ ನಿಂದ್ರಸ್ತೀರೇನ್ರಿ ಮದುಮಕ್ಳನ್ನ?"
ಎಂದು ಎದುರಿನ ಸ್ಟುಡಿಯೋಗೆ ನಡೆದರು. ಅಲ್ಲಿ ತಾಜಮಹಲಿದೆ.
ಎರಡು ವಾರ ಬೋಣಿಯಿಲ್ಲ.
ಉಸ್ತಾದರು ಏನೂ ಅನ್ನಲಿಲ್ಲ, ಅದೇ ಕಷ್ಟವಾಯಿತು.

ಆಮೇಲೆ ಗದ್ದೆಮ್ಮ ಬಂದಳು,
ಆ ಗುಡ್ಡದಲ್ಲೇ ಕುರಿ ಮೇಯಿಸುವಾಕೆ.
ಜವಳ ತೆಗೆಸುವ ಮುಂಚೆ ಮೊಮ್ಮಗಳದ್ದೊಂದು
ಕೂದಲಿರುವ ಫೋಟೋ ಬೇಕಿತ್ತು.
ಪರದೆಯನ್ನು ಮೇಲಿಂದ ಕೆಳಗೆ ನೋಡಿದಳು.
ನೆಲದಲ್ಲಿ ಸುಣ್ಣದ ಗುರುತು ಹಾಕಿದ್ದೆ, ಅಲ್ಲಿ ನಿಲ್ಲಲಿಲ್ಲ.
"ನಡುವ ಬರ್ರಿ ಅವ್ವಾ, ಕರಿ ಪಟ್ಟೆ ಮುಂದ."
ಕೂಸನ್ನು ಸೆರಗಿನೊಳಗೆ ಎಳೆದುಕೊಂಡು
ಎಡಕ್ಕೆ ಇನ್ನೊಂದು ಹೆಜ್ಜೆ ಸರಿದಳು.
"ಅಲ್ಲಿ ಬ್ಯಾಡೋ ತಮ್ಮಾ.
ಅಲ್ಲಿ ನೀರು ಬೀಳ್ತದ. ಕೂಸು ತೊಯ್ತದ."

ಶಟರು ಎಷ್ಟಕ್ಕಿಟ್ಟಿದ್ದೆ, ನೆನಪಿಲ್ಲ.
ಫ್ಯಾನಿನ ಗಾಳಿಗೆ ಪರದೆ ಸಣ್ಣಗೆ ಅಲ್ಲಾಡುತ್ತಿತ್ತು.
ಆರಿಸಲೆಂದು ಎದ್ದ ಉಸ್ತಾದರು
ಸ್ವಿಚ್ಚಿನ ಮೇಲೆ ಬೆರಳಿಟ್ಟು
ಹಾಗೇ ನಿಂತರು.